ಅತ್ತೆ ಕೊಟ್ಟ ನೋವಿನ ಮಾತ್ರೆ

ತುಮಕೂರು ಜಿಲ್ಲೆಯ ರಾಯಚರ್ಲು ಕಡೆಯ ಆ ಹಳ್ಳಿಯಲ್ಲಿ ಐವತ್ತು ದಾಟಿದವರಿಗೆ ಬೆಳಿಗ್ಗೆ ಎದ್ದು ನಿಲ್ಲಲು ಸ್ವಲ್ಪ ಹೊತ್ತು ಬೇಕು. ಮೊದಲು ಗೋಡೆ ಹಿಡಿಯಬೇಕು. ಆಮೇಲೆ ಒಂದು ಮಂಡಿ, ಆಮೇಲೆ ಇನ್ನೊಂದು. ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಶುದ್ಧ ನೀರಿನ ಘಟಕ ಬಂದು ಏಳು ವರ್ಷವಾಯಿತು. ಅದಕ್ಕೂ ಮೊದಲು ನಲವತ್ತು ವರ್ಷ ಕುಡಿದ ನೀರು ಮೂಳೆಗಳಲ್ಲಿ ಹಾಗೇ ಉಳಿದಿದೆ.

ಆದ್ದರಿಂದ ಅಲ್ಲಿ ನೋವನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ನೋವಿನ ಮಾತ್ರೆಯನ್ನು ಔಷಧ ಎನ್ನುವುದೂ ಇಲ್ಲ. ಕದಿರಯ್ಯನ ಕಿರಾಣಿ ಅಂಗಡಿಯಲ್ಲಿ ಬೆಂಕಿಪೊಟ್ಟಣ, ಸೋಪು, ಅಡಿಕೆಯ ಪಕ್ಕದಲ್ಲಿ ಅದೂ ಸಿಗುತ್ತದೆ. ಶೀಟಿನಿಂದ ಬಿಡಿಸಿ, ಹಳೇ ಪೇಪರಿನ ಚೂರಿನಲ್ಲಿ ಮಡಚಿ ಕೊಡುತ್ತಾನೆ. ಮಾತ್ರೆಯ ಹೆಸರು ಯಾರೂ ಕೇಳುವುದಿಲ್ಲ. "ನೋವಿನ್ದು ಹತ್ತು ಕೊಡು" ಅಂದರೆ ಸಾಕು.

ನಾಗರತ್ನಮ್ಮನಿಗೆ ಐವತ್ತಾರು ವರ್ಷ. ಬೆನ್ನು ಮುಂದಕ್ಕೆ ಬಾಗಿದೆ. ಎದುರಿಗೆ ನಿಂತವರ ಮುಖ ನೋಡಬೇಕಾದರೆ ಕತ್ತು ಎತ್ತಬೇಕು. ಬೆಳಿಗ್ಗೆ ಕಾಫಿಯ ಜೊತೆ ಒಂದು, ಸಂಜೆ ಒಂದು ಮಾತ್ರೆ ನುಂಗುತ್ತಾಳೆ. ಹನ್ನೆರಡು ವರ್ಷದಿಂದ ಇದೇ ರೂಢಿ. ಮಗ ಮಲ್ಲೇಶ್ ಸೋಲಾರ್ ಪಾರ್ಕಿನಲ್ಲಿ ಪ್ಲೇಟು ತೊಳೆಯುವ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಸೊಸೆ ಲೋಹಿತಾಗೆ ಇಪ್ಪತ್ತನಾಲ್ಕು. ಅದೇ ಪ್ಲೇಟುಗಳ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಕಳೆ ಕೀಳುವ ಹೆಂಗಸರ ಗುಂಪಿನಲ್ಲಿ ಅವಳೂ ಒಬ್ಬಳು.

ಹೋದ ವರ್ಷ ಕಾರ್ತಿಕದಲ್ಲಿ ಲೋಹಿತಾಗೆ ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಗಂಡು ಮಗು. ಸತ್ತ ಕಾರಣ ತಿಳಿಯಲು ಯಾವ ಪರೀಕ್ಷೆಯೂ ಆಗಲಿಲ್ಲ. ಮಲ್ಲೇಶ್ ಮಗುವನ್ನು ಆಸ್ಪತ್ರೆಯಿಂದ ಟವೆಲಿನಲ್ಲಿ ಸುತ್ತಿ ತಂದ. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಸ್ಕ್ಯಾನಿಂಗ್ ಕಾಗದದಲ್ಲಿ "ಮಗುವಿನ ಸುತ್ತಲಿನ ನೀರು ಬಹಳ ಕಡಿಮೆ" ಎಂದು ಬರೆದಿತ್ತು. ಆ ಕಾಗದ ತಾಯಿ ಕಾರ್ಡಿನ ಒಳಗೇ ಇತ್ತು. ಯಾರೂ ಅದನ್ನು ಮತ್ತೆ ತೆಗೆಯಲಿಲ್ಲ.

ಲೋಹಿತಾ ಮತ್ತೆ ಬಸುರಾದಳು. ಏಳನೇ ತಿಂಗಳು ನಡೆಯುತ್ತಿತ್ತು. ಒಂದು ಸೋಮವಾರ ಗಂಡ ಹೆಂಡತಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿದ್ದರು. ಡಾಕ್ಟರಮ್ಮ ಕಾಗದ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ಬಿ.ಪಿ. ನೋಡಿದರು. ನೀರು ಸೋರುತ್ತಿದೆಯೇ ಎಂದು ಪರೀಕ್ಷಿಸಿದರು. ಸೋರುತ್ತಿರಲಿಲ್ಲ.

"ಏನಾದ್ರೂ ಔಷಧಿ ತಗೊಳ್ತಿದ್ದೀಯೇನಮ್ಮ?"

"ಇಲ್ಲ ಮೇಡಮ್."

"ನೀರು ಕಡಿಮೆ ಇದೆ. ಎಂಟು ಸೆಂಟಿಮೀಟರ್ ಮೇಲೆ ಇರ್ಬೇಕು, ನಿಂಗೆ ಐದಿದೆ. ಒಂದು ವಾರ ಬಿಟ್ಟು ಬಾ. ಇನ್ನೂ ಇಳಿದ್ರೆ ತುಮಕೂರಿಗೆ ಕಳಿಸ್ಬೇಕಾಗುತ್ತೆ."

ಲೋಹಿತಾ ಸುಳ್ಳು ಹೇಳಿರಲಿಲ್ಲ. ಔಷಧಿ ಎಂದರೆ ಆಸ್ಪತ್ರೆಯಲ್ಲಿ ಕೊಡುವುದು ಎಂದು ಅವಳು ತಿಳಿದಿದ್ದಳು. ಬಸ್ಸು ಹತ್ತಿ ಇಬ್ಬರೂ ಊರಿಗೆ ಮರಳಿದರು. ಹೋದ ಸಲ ಕೇಳಿದ್ದ ಮಾತನ್ನೇ ಮತ್ತೆ ಕೇಳಿಕೊಂಡು ಬಂದಿದ್ದರು.

ಗುರುವಾರ ಮಧ್ಯಾಹ್ನ ಅಫ್ಜಲುನ್ನೀಸಾ ಮನೆಗೆ ಬಂದರು. ಶಿರಾದವರು. ಈ ಭಾಗದ ಆರೋಗ್ಯ ಉಪಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಇದ್ದಾರೆ. ಊರವರಿಗೆಲ್ಲ ನರ್ಸಮ್ಮ.

"ಸೊಸೆ ಎಲ್ಲಿ ನಾಗರತ್ನಮ್ಮ?"

"ಇನ್ನೆಲ್ಲಿರ್ತಾಳೆ, ಕೆಲ್ಸಕ್ಕೋಗವ್ಳೆ. ಊಟಕ್ಕೆ ಬತ್ತಾಳೆ, ಕೂತ್ಕಳಿ."

"ಡಾಕ್ಟ್ರು ರೆಸ್ಟ್ ಹೇಳಿಲ್ವಾ?"

"ಹೇಳ್ತಾರೆ. ಅವರಿಗೇನು, ಹೇಳ್ಬುಟ್ಟು ಫ್ಯಾನ್ ಕೆಳಗೆ ಕೂತ್ಕತ್ತಾರೆ. ನಾನು ಮಲ್ಲೇಶನ್ನ ಹೊತ್ಕಂಡು ಹೆರೋ ದಿನದ ಗಂಟ ಕಡ್ಲೇಕಾಯಿ ಕಿತ್ತಿವ್ನಿ. ಈಗಿನ ಹುಡ್ಗೀರಿಗೆ ಹೊಟ್ಟೇಲಿ ನಿಲ್ಲಕಿಲ್ಲ ಅಷ್ಟೇಯ."

ನರ್ಸಮ್ಮ ಎದ್ದು ಗೋಡೆಯ ಹತ್ತಿರ ಹೋದರು. ಗೂಡಿನಲ್ಲಿ ಕಬ್ಬಿಣಾಂಶದ ಮಾತ್ರೆಯ ಶೀಟುಗಳಿದ್ದವು. ಎರಡು ತಿಂಗಳ ಹಿಂದೆ ತಾವೇ ಕೊಟ್ಟವು. ಎಣಿಸಿದರು. ನಾಲ್ಕು ಮಾತ್ರೆ ಮಾತ್ರ ಖಾಲಿಯಾಗಿತ್ತು.

"ಇದ್ಯಾಕೆ ತಿಂದಿಲ್ಲ ಅವಳು?"

"ನಾನೇ ಬ್ಯಾಡ ಅಂದೆ. ಬಸುರಿಗೆ ಮಾತ್ರೆ ಆಗಲ್ಲ ಕಣಮ್ಮ. ಉಷ್ಣ. ಅದ್ರಲ್ಲೂ ಇದು ತಿಂದ್ರೆ ಕಕ್ಕಸು ಕರ್ರಗೆ ಬತ್ತೈತೆ. ಮಗೀನ ಬಣ್ಣ ಇನ್ನೆಂಗಾಯ್ತದೋ! ಹೋದ ಸಲನೇ ಒಂದು ಹೋಗೈತೆ. ಆ ನಾಲ್ಕು ಬಿಟ್ರೆ ಈ ಸಲ ನಮ್ಮನೇಲಿ ಒಂದೇ ಒಂದು ಮಾತ್ರೆ ತಿನ್ನಿಸಿಲ್ಲ, ದೇವ್ರಾಣೆ."

ಅಷ್ಟರಲ್ಲಿ ಲೋಹಿತಾ ಬಂದಳು. ಬಲಗೈ ಸೊಂಟದ ಮೇಲಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಚಪ್ಪಲಿ ಕಾಲಿನಲ್ಲೇ ಕಳಚಿ, ಗೋಡೆಗೆ ಒರಗಿ ಮೆಲ್ಲಗೆ ಕೂತಳು. ನಾಗರತ್ನಮ್ಮ ಸೊಸೆಯ ಮುಖ ನೋಡಿದಳು. ಬಾಗಿದ ಬೆನ್ನಿನಲ್ಲೇ ಎದ್ದುಹೋಗಿ ಚೊಂಬಿನಲ್ಲಿ ನೀರು ತಂದಳು. ಸೆರಗಿನ ಗಂಟು ಬಿಚ್ಚಿ, ಪೇಪರಿನ ಚೂರು ತೆಗೆದು, ಅದರಲ್ಲಿದ್ದ ಹಳದಿ ಮಾತ್ರೆಯನ್ನು ಸೊಸೆಯ ಅಂಗೈ ಮೇಲೆ ಇಟ್ಟಳು.

"ತಗಾ. ನುಂಗ್ಬುಡು. ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಸೊಂಟ ಹಿಡ್ಕಂಡೈತೆ."

ಅವಳ ದನಿಯಲ್ಲಿ ಅಕ್ಕರೆ ಇತ್ತು. ಆ ಮನೆಯಲ್ಲಿ ಅತ್ತೆ ಸೊಸೆಗೆ ಬೈಯದೆ ಆಡುತ್ತಿದ್ದ ಮಾತು ದಿನಕ್ಕೆ ಅದೊಂದೇ.

ನರ್ಸಮ್ಮ ಕೈ ಅಡ್ಡ ಹಿಡಿದರು.

"ಏನದು?"

"ಯಾವ್ದು?"

"ಈಗ ಕೊಟ್ರಲ್ಲ, ಅದು."

"ಓ, ಇದಾ? ನೋವಿನ್ದು."

"ಮಾತ್ರೆ ಅಲ್ವಾ ಇದು?"

ನಾಗರತ್ನಮ್ಮನಿಗೆ ನಗು ಬಂತು. "ಮಾತ್ರೆ ಅಂದ್ರೆ ಡಾಕ್ಟ್ರು ಕೊಡಾದು ಕಣಮ್ಮ. ಇದು ಅಂಗಡೀದು. ನಮ್ಮೂರಾಗೆ ಎಲ್ಲಾರೂ ತಿಂತಾರೆ."

ನರ್ಸಮ್ಮ ನಗಲಿಲ್ಲ. ಲೋಹಿತಾಳ ಅಂಗೈಯಿಂದ ಮಾತ್ರೆ ಎತ್ತಿಕೊಂಡರು. ಅದರ ಮೇಲೆ ಅಕ್ಷರವೇನೂ ಇರಲಿಲ್ಲ.

"ದಿನಕ್ಕೆ ಎಷ್ಟು ತಗೊಳ್ತೀಯ ಬೇಟಾ?"

"ಕೆಲ್ಸಕ್ಕೆ ಹೋಗೋ ಮುಂಚೆ ಒಂದು. ಮಧ್ಯಾಹ್ನ ಒಂದು. ನೋವು ಜಾಸ್ತಿ ಇದ್ರೆ ಮಲಗೋವಾಗ ಒಂದು."

"ಯಾವಾಗಿಂದ?"

"ಐದನೇ ತಿಂಗಳಿಂದ. ಕಳೆ ಕೆಲ್ಸ ಶುರುವಾದಾಗಿಂದ."

"ನಾನು ಕೇಳಿದಾಗ ಏನೂ ತಗೊಳ್ತಿಲ್ಲ ಅಂದ್ಯಲ್ಲ? ಒಂದ್ಸಲ ಅಲ್ಲ, ಮೂರು ಸಲ."

"ಔಷಧಿ ತಗೊಳ್ತಿದೀಯಾ ಅಂದ್ರಿ. ಇದು..." ಲೋಹಿತಾ ಅತ್ತೆಯ ಕಡೆ ನೋಡಿದಳು. "ಇದು ಔಷಧಿ ಅಂತ ನಂಗೆ ಗೊತ್ತಿರ್ಲಿಲ್ಲ."

ನರ್ಸಮ್ಮ ತಾಯಿ ಕಾರ್ಡ್ ತೆಗೆದರು. ಬೇರೆ ಔಷಧಗಳು ಎಂಬ ಕಡೆ ಅವರದೇ ಕೈಬರಹದಲ್ಲಿ ಮೂರು ಸಲ "ಇಲ್ಲ" ಎಂದಿತ್ತು.

ಮೊದಲು ಆ ಮಾತ್ರೆ ಯಾವುದೆಂದು ತಿಳಿಯಬೇಕಿತ್ತು. ಅವರು ಕದಿರಯ್ಯನ ಅಂಗಡಿಗೆ ನಡೆದರು.

"ಏನ್ ನರ್ಸಮ್ಮ, ನಿಮ್ಗೂ ಮಂಡಿ ಹಿಡ್ಕಂತಾ? ಹಳದೀದು ಕೊಡ್ಲಾ, ಕೆಂಪುದು ಕೊಡ್ಲಾ? ಕೆಂಪುದು ಸ್ಟ್ರಾಂಗು."

"ಹಳದೀದರ ಶೀಟು ಕೊಡು. ಬಿಡಿಸಬೇಡ."

ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿತ್ತು: ಡೈಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್. ಕೆಳಗೆ ಎಚ್ಚರಿಕೆಯ ಸಾಲು.

"ಡಾಕ್ಟ್ರು ಚೀಟಿ ಇಲ್ದೆ ಮಾರಬಾರದು ಅಂತ ಇದರ ಮೇಲೇ ಬರೆದಿದೆ ಕದಿರಯ್ಯ."

"ಇಂಗ್ಲೀಷ್‌ನಾಗೆ ಬರದ್ರೆ ನಂಗೆಂಗಮ್ಮ ಗೊತ್ತಾಗ್ಬೇಕು? ನಾನೂ ಇದ್ನೇ ತಿಂತೀನಿ. ನಮ್ಮಮ್ಮನೂ ತಿಂತಿದ್ಲು."

"ಬಸುರಿ ಯಾರಾದ್ರೂ ತಗೊಂಡು ಹೋಗ್ತಾರಾ?"

ಕದಿರಯ್ಯ ಯೋಚಿಸಿದ. "ತಗಂಡೋಗೋರು ಅತ್ತೇರು. ತಿನ್ನೋರು ಯಾರು ಅಂತ ನಾನ್ಯಾಕೆ ಕೇಳ್ಲಿ?"

ನರ್ಸಮ್ಮ ಅಂಗಡಿ ಮುಂದೆ ನಿಂತೇ ಡಾಕ್ಟರಮ್ಮನಿಗೆ ಫೋನ್ ಮಾಡಿದರು. ಮಾತ್ರೆಯ ಹೆಸರು, ದಿನಕ್ಕೆ ಎಷ್ಟು, ಎಷ್ಟು ದಿನದಿಂದ ಎಂದು ಓದಿ ಹೇಳಿದರು. ಡಾಕ್ಟರಮ್ಮ ಹೆಸರನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ, "ಇವತ್ತೇ, ಈಗಲೇ ನಿಲ್ಲಿಸ್ಲಿ. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ" ಎಂದರು.

ಅವರು ಮನೆಗೆ ಮರಳುವಷ್ಟರಲ್ಲಿ ಮಲ್ಲೇಶನೂ ಊಟಕ್ಕೆ ಬಂದಿದ್ದ. ಮೂವರನ್ನೂ ಕೂರಿಸಿಕೊಂಡು ನರ್ಸಮ್ಮ ಹೇಳಿದರು:

"ಮಗು ಹೊಟ್ಟೇಲಿ ನೀರಿನ ಚೀಲದೊಳಗೆ ಇರುತ್ತೆ. ಐದನೇ ತಿಂಗಳು ತುಂಬಿದ ಮೇಲೆ ಆ ನೀರು ಹೆಚ್ಚುಪಾಲು ಮಗುವಿನ ಮೂತ್ರವೇ. ಮಗುವಿನ ಮೂತ್ರಪಿಂಡ ಸರಿಯಾಗಿ ಕೆಲಸ ಮಾಡಿದ್ರೆ ನೀರು ಇರುತ್ತೆ. ಈ ಮಾತ್ರೆ ತಾಯಿಯ ರಕ್ತದಿಂದ ಮಗುವಿಗೂ ಹೋಗುತ್ತೆ. ಅದರ ಮೂತ್ರಪಿಂಡಕ್ಕೆ ಹೋಗೋ ರಕ್ತ ಕಡಿಮೆ ಮಾಡುತ್ತೆ. ಆಗ ನೀರು ಇಳಿಯುತ್ತೆ. ಏಳು, ಎಂಟನೇ ತಿಂಗಳು ದಾಟಿದ ಮೇಲೆ ಮಗುವಿನ ಎದೆಯಲ್ಲಿರೋ ಒಂದು ರಕ್ತನಾಳ ಹುಟ್ಟೋಕೆ ಮೊದಲೇ ಮುಚ್ಕೊಳ್ಳೋ ಅಪಾಯವೂ ಇದೆ."

"ಸುಮ್ಕಿರಮ್ಮ," ಎಂದಳು ನಾಗರತ್ನಮ್ಮ. "ಊರೆಲ್ಲಾ ತಿಂತೈತೆ. ಎಲ್ಲಾರ ಮನೇಲೂ ಮಕ್ಳು ಹುಟ್ಟಿಲ್ವಾ?"

"ಹುಟ್ಟಿವೆ. ತಿಂದೋರಿಗೆಲ್ಲ ಹೀಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಯಾರಿಗೆ ಆಗುತ್ತೆ ಅಂತ ಮೊದಲೇ ಗೊತ್ತಾಗಲ್ಲ. ನೀವು ಮಲ್ಲೇಶನ್ನ ಹೊತ್ತಿದ್ರಲ್ಲ, ಆಗ ಈ ಮಾತ್ರೆ ತಿಂತಿದ್ರಾ?"

"ಆಗೆಲ್ಲಿತ್ತಮ್ಮ ಇದು? ಹುಣಸೆ ಸೊಪ್ಪು ಬಿಸಿ ಮಾಡಿ ಕಟ್ಕತಿದ್ವಿ."

ಮಲ್ಲೇಶ್ ತಟ್ಟೆ ಪಕ್ಕಕ್ಕೆ ಸರಿಸಿದ. ಹೆಂಡತಿಯನ್ನು ನೋಡಿ ಕೇಳಿದ: "ಹೋದ ಸಲನೂ ತಿಂತಿದ್ಯಾ?"

ಲೋಹಿತಾ ನೆಲ ನೋಡುತ್ತಾ ಹೇಳಿದಳು, "ಕಡ್ಲೇಕಾಯಿ ಕೀಳ್ತಿದ್ವಲ್ಲ. ಅತ್ತೆ ಅವ್ರ ಪಾಲಿನದನ್ನೇ ಕೊಡ್ತಿದ್ರು."

ನಾಗರತ್ನಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಕತ್ತು ಎತ್ತಿ ನರ್ಸಮ್ಮನ ಮುಖ ನೋಡಿದಳು.

"ಅಂಗಾದ್ರೆ ಆ ಮಗೀನ ನಾನೇ ಕೊಂದ್ನಾ?"

"ನಾಗರತ್ನಮ್ಮ, ಅದು ಇದರಿಂದಲೇ ಆಯ್ತು ಅಂತ ನಾನು ಹೇಳಲ್ಲ. ನೀರು ಕಡಿಮೆ ಆಗೋಕೆ ಬೇರೆ ಕಾರಣಗಳೂ ಇರ್ತವೆ. ಆಗ ಪರೀಕ್ಷೆ ಆಗ್ಲಿಲ್ಲ, ಈಗ ಯಾರಿಗೂ ಗೊತ್ತಾಗಲ್ಲ."

"ಇದ್ರಿಂದ ಅಲ್ಲ ಅಂತನಾದ್ರೂ ಹೇಳಮ್ಮ."

"ಅದನ್ನೂ ಹೇಳೋಕಾಗಲ್ಲ."

ಮಲ್ಲೇಶನ ದನಿ ಗಡುಸಾಯಿತು. "ಹೋದ ಸಲ ಮನೆಗೆ ಬತ್ತಿದ್ದಿದ್ದು ನೀವೇ ಅಲ್ವಾ ಮೇಡಮ್?"

"ನಾನೇ. ಔಷಧಿ ತಗೊಳ್ತೀಯಾ ಅಂತ ಕೇಳ್ದೆ. ಇಲ್ಲ ಅಂದ್ಲು. ಇಲ್ಲ ಅಂತ ಬರ್ಕೊಂಡು ಹೋದೆ. ಅತ್ತೆ ಬೆನ್ನು ಹಿಂಗೆ ಬಾಗಿರೋದು ಕಣ್ಣಿಗೆ ಕಾಣ್ತಿತ್ತು. ಈ ಮನೇಲಿ ನೋವಿಗೆ ಏನು ತಿಂತಾರೆ ಅಂತ ಕೇಳಬೇಕಿತ್ತು. ಕೇಳಲಿಲ್ಲ."

ಮಲ್ಲೇಶ್ ಎದ್ದು ಹೋಗಿ ಕೈ ತೊಳೆದ.

ಮಾರನೆಯ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾರ್ಡಿನಲ್ಲಿ ಮಾತ್ರೆಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದರು. ನೋವು ತಡೆಯಲಾಗದಿದ್ದರೆ ಬರೀ ಪ್ಯಾರಾಸಿಟಮಾಲ್, ಅದೂ ತಾವು ಬರೆದ ಪ್ರಮಾಣದಲ್ಲಿ, ಬರೆದಷ್ಟೇ ದಿನ ಎಂದರು. ಬಗ್ಗಿ ಮಾಡುವ ಕೆಲಸ ಬೇಡ. ಕಬ್ಬಿಣಾಂಶದ ಮಾತ್ರೆಯನ್ನು ದಿನಾ ತಿನ್ನಬೇಕು. ಅದರಿಂದ ಮಲ ಕಪ್ಪಾಗುತ್ತದೆ, ಮಗು ಕಪ್ಪಾಗುವುದಿಲ್ಲ.

"ಮಾತ್ರೆ ನಿಲ್ಲಿಸಿದ್ರೆ ನೀರು ವಾಪಸ್ ಬರುತ್ತಾ ಮೇಡಮ್?" ಮಲ್ಲೇಶ್ ಕೇಳಿದ.

"ಬಹಳ ಜನರಲ್ಲಿ ಬರುತ್ತೆ. ಇವಳಲ್ಲಿ ಬರುತ್ತೆ ಅಂತ ಮಾತು ಕೊಡೋಕೆ ನನ್ನಿಂದ ಆಗಲ್ಲ. ಮುಂದಿನ ವಾರ ನೋಡೋಣ."

ಆ ವಾರ ಲೋಹಿತಾ ಕೆಲಸಕ್ಕೆ ಹೋಗಲಿಲ್ಲ. ಲೋಹಿತಾ ಮಗ್ಗುಲಾಗಿ ಮಲಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಗು ಒದೆಯುವುದನ್ನು ಎಣಿಸುತ್ತಿದ್ದಳು. ಒಂದು ದಿನ ಮಧ್ಯಾಹ್ನ ಒಂದೂವರೆ ಗಂಟೆ ಹೊತ್ತು ಏನೂ ಅಲುಗಲಿಲ್ಲ. ಅತ್ತೆಯನ್ನು ಕೂಗಿದಳು. ನಾಗರತ್ನಮ್ಮ ಬಂದು ಸೊಸೆಯ ಹೊಟ್ಟೆಗೆ ಕೈ ಇಡಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಮಲ್ಲೇಶ್ ಆಟೊ ತಂದು ಬಾಗಿಲಲ್ಲಿ ನಿಲ್ಲಿಸುವ ಹೊತ್ತಿಗೆ ಮಗು ಒದೆಯಿತು. ಆದರೂ ಫೋನಿನಲ್ಲಿ ವಿಷಯ ಕೇಳಿದ ನರ್ಸಮ್ಮ ಬಿಡಲಿಲ್ಲ. ಆಸ್ಪತ್ರೆಗೆ ಹೋಗಿ ಮಗುವಿನ ಎದೆಬಡಿತ ಪರೀಕ್ಷೆ ಮಾಡಿಸಿಕೊಂಡೇ ಬಂದರು.

ಮುಂದಿನ ಸ್ಕ್ಯಾನಿನಲ್ಲಿ ನೀರು ಏಳಕ್ಕೆ ಬಂದಿತ್ತು. ಅದರ ಮುಂದಿನ ವಾರ ಒಂಬತ್ತು. ಮಗುವಿನ ತೂಕ ಮಾತ್ರ ತಿಂಗಳಿಗೆ ತಕ್ಕಷ್ಟು ಇರಲಿಲ್ಲ.

ಒಂಬತ್ತನೇ ತಿಂಗಳ ಮೊದಲಲ್ಲಿ ತುಮಕೂರಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಎರಡು ಕಿಲೋ ನೂರು ಗ್ರಾಂ. ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಹನ್ನೆರಡನೇ ದಿನ ತಾಯಿಯ ಕೈಗೆ ಕೊಟ್ಟರು. ಮಗು ಬದುಕಿದೆ. ಹಾಲು ಕುಡಿಯುತ್ತಿದೆ. ಮೂತ್ರಪಿಂಡ ಹೇಗಿದೆ ಎಂದು ಆರು ತಿಂಗಳಿಗೊಮ್ಮೆ ತೋರಿಸಬೇಕು. ಮುಂದೇನೂ ಆಗುವುದಿಲ್ಲ ಎಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ.

ನಾಗರತ್ನಮ್ಮನನ್ನು ನರ್ಸಮ್ಮ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹನ್ನೆರಡು ವರ್ಷ ಕೇಳದೆ ತಿಂದ ಮಾತ್ರೆಯಿಂದ ಅವಳ ಮೂತ್ರಪಿಂಡವೂ ಸ್ವಲ್ಪ ಸೋತಿದೆ ಎಂದು ರಕ್ತಪರೀಕ್ಷೆ ಹೇಳಿತು. ಅವಳು ಅದಕ್ಕೆ ಹೆಚ್ಚೇನೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. "ನಂದು ಇರ್ಲಿ ಬುಡಿ ಸಾರ್" ಎಂದಳು. ಮತ್ತೆ ಅದೇ ಪ್ರಶ್ನೆ ಕೇಳಿದಳು: ಹೋದ ವರ್ಷದ ಮಗು? ಆ ಡಾಕ್ಟರೂ ಗೊತ್ತಿಲ್ಲ ಎಂದರು.

ಹೋದ ತಿಂಗಳು ಅಂಗನವಾಡಿಯಲ್ಲಿ ಸ್ತ್ರೀಶಕ್ತಿ ಸಂಘದ ಸಭೆ ನಡೆಯಿತು. ನರ್ಸಮ್ಮ ಮಾತು ಶುರುಮಾಡುವ ಮೊದಲೇ ಹಿಂದೆ ಕೂತಿದ್ದ ನಾಗರತ್ನಮ್ಮ ಗೋಡೆ ಹಿಡಿದು ಎದ್ದಳು. ಸಂಘದಲ್ಲಿ ಅವಳು ಎದ್ದು ನಿಂತು ಮಾತಾಡಿದ್ದು ಅದೇ ಮೊದಲು.

"ನಾನು ಸೊಸೆಗೆ ಕೆಟ್ಟದಾಗ್ಲಿ ಅಂತ ಕೊಡ್ಲಿಲ್ಲ. ನೋಯ್ತಾಳಲ್ಲ ಅಂತ ಕೊಟ್ಟೆ. ನೀವೂ ಅಂಗೇ ಕೊಡ್ತಿದೀರಿ, ನಂಗೊತ್ತು. ಹೊನ್ನೂರಮ್ಮ, ನಿನ್ ಸೊಸೆಗೆ ಈಗ ಎಷ್ಟ್ರಾಗೆ?"

"ಆರ್ರಾಗೆ," ಎಂದಳು ಹೊನ್ನೂರಮ್ಮ.

"ಕೊಡ್ತಿದೀಯಾ?"

ಹೊನ್ನೂರಮ್ಮ ತಲೆ ತಗ್ಗಿಸಿದಳು.

"ಸರಿ ಬುಡು. ಇವತ್ತಿಂದ ನಿಲ್ಸು. ನಾಳೆ ನರ್ಸಮ್ಮನ ಜೊತೆ ಆಸ್ಪತ್ರೆಗೆ ಕರ್ಕಂಡೋಗು. ನಾನೂ ಬತ್ತೀನಿ." ಇಷ್ಟು ಹೇಳಿ ಅವಳು ಕೂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇದನ್ನು ಓದುತ್ತಿರುವವರೇ, ಓದುವುದನ್ನು ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಬಸುರಿ ಇರಬಹುದು. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಮಾತ್ರೆಯೂ ಔಷಧವೇ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಇರುವ ನೋವಿನ ಮಾತ್ರೆಯನ್ನು, ಸೂಜಿಯನ್ನು ಬಸುರಿಗೆ ಡಾಕ್ಟರನ್ನು ಕೇಳದೆ ಯಾವ ತಿಂಗಳಲ್ಲೂ ಕೊಡಬೇಡಿ. ಐದನೇ ತಿಂಗಳ ನಂತರವಂತೂ ಅಪಾಯ ಹೆಚ್ಚು. ಈಗಾಗಲೇ ತಿಂದಿದ್ದರೆ ಹೆದರಿ ಮುಚ್ಚಿಡಬೇಡಿ. ಮಾತ್ರೆಯ ಶೀಟನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ಹಾಗೆಂದು ಎಲ್ಲ ಮಾತ್ರೆಯನ್ನೂ ಎಸೆಯಬೇಡಿ. ಬಿ.ಪಿ., ಸಕ್ಕರೆ, ಥೈರಾಯ್ಡ್, ಮೂರ್ಛೆ ಕಾಯಿಲೆಗೆ ಮೊದಲಿಂದ ಮಾತ್ರೆ ತಿನ್ನುತ್ತಿರುವ ಹೆಂಗಸರು ಬಸುರಾದ ಕೂಡಲೇ, ಸಾಧ್ಯವಿದ್ದರೆ ಬಸುರಾಗುವ ಮೊದಲೇ, ಡಾಕ್ಟರಿಗೆ ತಿಳಿಸಬೇಕು. ಕೆಲವನ್ನು ಬದಲಿಸಬೇಕಾಗುತ್ತದೆ. ನೀವಾಗಿಯೇ ನಿಲ್ಲಿಸಿದರೆ ಅದೂ ತಾಯಿ ಮಗು ಇಬ್ಬರಿಗೂ ಅಪಾಯ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆ, ಡಾಕ್ಟರು ಬಸುರಿಗೆಂದೇ ಬರೆದ ಆಸ್ಪಿರಿನ್‌ನಂಥ ಮಾತ್ರೆ ಬಿಡಬೇಡಿ.

ಆಶಾ ಕಾರ್ಯಕರ್ತೆಯರಿಗೆ, ನರ್ಸಮ್ಮಂದಿರಿಗೆ, ಡಾಕ್ಟರಿಗೆ ಒಂದು ಮಾತು. "ಔಷಧಿ ತಗೊಳ್ತೀಯಾ" ಎಂದು ಕೇಳಿ ಸುಮ್ಮನಾಗಬೇಡಿ. "ಸೊಂಟ ನೋವಿಗೆ ಏನು ತಿಂತೀಯ? ತಲೆನೋವಿಗೆ? ಅದನ್ನು ಯಾರು ತಂದುಕೊಡ್ತಾರೆ?" ಎಂದು ಒಂದೊಂದಾಗಿ ಕೇಳಿ.

ಅತ್ತೆಯರೇ, ಸೊಸೆ ಇವತ್ತು ಸೊಂಟ ಹಿಡಿದುಕೊಂಡು ಬಂದರೆ ಕೂರಿಸಿ. ಅವಳ ಪಾಲಿನ ಕೆಲಸ ಬೇರೆ ಯಾರಾದರೂ ಮಾಡಲಿ. ನೋವು ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಮ್ಮ ಮಾತ್ರೆಯನ್ನು ಮಾತ್ರ ಅವಳಿಗೆ ಕೊಡಬೇಡಿ. ಸೊಸೆಯ ಮೊದಲ ಮಗು ತಾನು ಕೊಟ್ಟ ಮಾತ್ರೆಯಿಂದಲೇ ಸತ್ತಿತೇ ಎಂಬ ಪ್ರಶ್ನೆಗೆ ನಾಗರತ್ನಮ್ಮನಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.